ಬಂದಳಿಕೆ ಹಿಡಿದ ಮಾವು, ಬಟ್ಟಲು ಗಂಜಿ

ಬದನಿಕೆ ಹಕ್ಕಿಯನ್ನು ಕಾಣಬೇಕಾದರೆ ಮೊದಲು ಬಂದಳಿಕೆ ಗಿಡ ಹುಡುಕಬೇಕು. ಶಿರಾಳಕೊಪ್ಪದ ಕಡೆಯಿಂದ ಬಂದಳಿಕೆಯ ಗುಡಿಗಳಿಗೆ ಬರುವ ದಾರಿಯಲ್ಲಿ ಅದಕ್ಕೇನೂ ಬರವಿಲ್ಲ. ಹಳೆಯ ನಾಟಿ ಮಾವಿನ ನೆತ್ತಿಯಲ್ಲಿ, ಮಾವಿನೆಲೆಗಿಂತ ಮಾಸಲು ಹಸಿರಿನ ದಪ್ಪ ಎಲೆಗಳ ಪೊದೆಯೊಂದು ಬೇರೆಯದೇ ಮರ ಬಂದು ಕೂತಂತೆ ಕೂತಿರುತ್ತದೆ. ಊರಿನ ಹೆಸರೂ ಅದೇ, ಗಿಡದ ಹೆಸರೂ ಅದೇ. ಅದರ ಸುತ್ತ ಕಥೆ ಹೆಣೆಯಲು ಬೇರೆ ಜನ ಇದ್ದಾರೆ. ನಾನು ಗಿಡ ನೋಡಲು ಬಂದವನು.

ಮಾರ್ಚ್ ಕೊನೆ, ಬಿಸಿಲೇರುವ ಮುಂಚೆ. ಮೊದಲು ಕಿವಿಗೆ ಬೀಳುವುದು ಚಿಕ್ ಚಿಕ್ ಎಂಬ ಸಣ್ಣ ಚುರುಕು ದನಿ. ಹಕ್ಕಿ ಕಣ್ಣಿಗೆ ಬೀಳಲು ಬಹಳ ಹೊತ್ತು ಬೇಕು. ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದು, 8 ಸೆಂಟಿಮೀಟರ್ ಇದ್ದೀತು. ಬೂದು ಮೈ, ತುಸು ಬಾಗಿದ ನಸುಗೆಂಪು ಕೊಕ್ಕು. ಬಂದಳಿಕೆಯ ಮಾಗಿದ ಹಣ್ಣೊಂದನ್ನು ಕಿತ್ತು ನುಂಗುತ್ತದೆ, ಸ್ವಲ್ಪ ಹೊತ್ತು ಸುಮ್ಮನೆ ಕೂರುತ್ತದೆ, ಆಮೇಲೆ ಅಂಟು ಮೆತ್ತಿದ ಬೀಜವನ್ನು ಹೊರಹಾಕಿ ಕೊಂಬೆಗೆ ಒರೆಸಿಬಿಡುತ್ತದೆ. ಅಲ್ಲಿಗೆ ಅದರ ಕೆಲಸ ಮುಗಿಯಿತು. ಬೀಜ ಕೊಂಬೆಗೆ ಅಂಟಿಕೊಂಡೇ ಮೊಳೆಯುತ್ತದೆ, ತೊಗಟೆ ಸೀಳಿ ಒಳಗಿಳಿಯುತ್ತದೆ, ಮರ ಬೇರಿನಿಂದ ಎಳೆದ ನೀರು ಮತ್ತು ಲವಣಕ್ಕೆ ಬಾಯಿ ಹಾಕುತ್ತದೆ. ಸಕ್ಕರೆಯನ್ನು ಮಾತ್ರ ತನ್ನ ಹಸಿರೆಲೆಯಲ್ಲಿ ತಾನೇ ತಯಾರಿಸಿಕೊಳ್ಳುತ್ತದೆ. ಎರಡೂ ಕೂಡುವ ಜಾಗದಲ್ಲಿ ಕೊಂಬೆ ಗಂಟುಗಟ್ಟಿ ಊದುತ್ತದೆ. ಗಂಟಿನಿಂದಾಚೆಗೆ ಮಾವಿನ ಎಲೆ ಕಿರಿದಾಗುತ್ತ, ಚಿಗುರು ತಗ್ಗುತ್ತ, ಕಡೆಗೆ ಕೊಂಬೆಯ ತುದಿ ಒಣ ಕಡ್ಡಿಯಾಗುತ್ತದೆ.

ಇಲ್ಲಿ ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಮಳೆ ಕೈಕೊಟ್ಟ ವರ್ಷ ಮಾವು ತನ್ನ ಎಲೆಯ ರಂಧ್ರಗಳನ್ನು ಬಿಗಿಮಾಡಿ ನೀರು ಉಳಿಸುತ್ತದೆ. ಬಂದಳಿಕೆ ಹಾಗೆ ಮಾಡುವುದಿಲ್ಲ. ಅದರ ಎಲೆಗಳಿಂದ ನೀರು ಆವಿಯಾಗಿ ಹೋಗುತ್ತಲೇ ಇರುತ್ತದೆ, ಅದರ ಎಳೆತ ನಿಲ್ಲುವುದಿಲ್ಲ. ಮರ ಬಾಯಾರಿದಾಗ ಮೊದಲು ಬಾಡುವುದು ಮರ. ಜೆಜೆಬೆಲ್ ಚಿಟ್ಟೆಯ ಹುಳುಗಳು ಬಂದಳಿಕೆಯ ಎಲೆಯನ್ನು ಮೇಯುತ್ತವೆ. ಆದರೂ ಅದು ಮತ್ತೆ ಚಿಗುರುತ್ತದೆ. ರೈತರಿಗೆ ಗೊತ್ತಿರುವ ಮದ್ದು ಒಂದೇ: ಗಂಟಿನಿಂದ ಕೆಳಗೆ, ಆರೋಗ್ಯವಂತ ಕೊಂಬೆಯನ್ನೂ ಸ್ವಲ್ಪ ಸೇರಿಸಿ ಕಡಿಯುವುದು. ಕಡಿದ ಮೇಲೆ ಬುಡಕ್ಕೆ ಗೊಬ್ಬರ, ನೀರು. ಪರಾವಲಂಬಿಯನ್ನು ಸಾಯಿಸಲು ಮರದ ಬುಡಕ್ಕೆ ನೀರು ನಿಲ್ಲಿಸಿದ ರೈತನನ್ನು ನಾನು ಈ ಸೀಮೆಯಲ್ಲಿ ಕಂಡಿಲ್ಲ.

ಮರಕ್ಕೆ ಮಾಡದ್ದನ್ನು ಮನುಷ್ಯರಿಗೆ ಮಾಡುವುದನ್ನು ಮಾತ್ರ ಕಂಡಿದ್ದೇನೆ.

ಆ ಮಾವಿನ ಮರದ ಯಜಮಾನರನ್ನು ಗೌಡ್ರು ಎಂದೇ ಕರೆಯುತ್ತೇನೆ. ಕೆನ್ನೆಯ ಒಳಗೆ ಕ್ಯಾನ್ಸರ್ ಆಗಿತ್ತು. ದೂರದ ಊರಿನಲ್ಲಿ ಆಪರೇಷನ್ ಆಯಿತು, ಆಮೇಲೆ ಕರೆಂಟು. ರೇಡಿಯೇಷನ್ನಿಗೆ ನಮ್ಮ ಕಡೆ ಎಲ್ಲರೂ ಹೇಳುವುದು ಹಾಗೇ, 'ಕರೆಂಟು ಕೊಟ್ರು' ಎಂದು. ಚಿಕಿತ್ಸೆ ಮುಗಿಸಿ ಮನೆಗೆ ಬಂದರು. ಫೈಲಿನಲ್ಲಿ ಗಡ್ಡೆಯ ಸುಳಿವಿಲ್ಲ ಎಂದು ಬರೆದಿತ್ತು. ಊರೆಲ್ಲ ಬಂದು ನೋಡಿಕೊಂಡು ಹೋಯಿತು. ಆದರೆ ಮನೆಗೆ ಬಂದ ಮೇಲೆಯೇ ಅವರ ಮೈ ಇಳಿಯತೊಡಗಿತು. 58 ಕೆ.ಜಿ. ಇದ್ದವರು 48ಕ್ಕೆ ಬಂದರು.

"ಡಾಕ್ಟ್ರು ಎಲ್ಲಾ ಚಲೋ ಐತಿ ಅಂದಾರ್ರೀ. ಆದ್ರ ಇವ್ರು ಉಣ್ಣಂಗಿಲ್ಲ," ಎಂದರು ಮನೆಯಾಕೆ.

"ಉಣ್ಣಾಕೆ ಏನೈತಿ? ಎಲ್ಲಾ ಮಣ್ಣು ತಿಂದಂಗ ಆಗ್ತೈತಿ. ಅನ್ನ ಬಾಯಾಗೇ ನಿಲ್ತೈತಿ, ಇಳಿಯಂಗಿಲ್ಲ," ಎಂದರು ಗೌಡ್ರು.

ಮಣ್ಣು ತಿಂದಂತೆ ಎಂಬುದು ಅವರ ಮನಸ್ಸಿನ ಭ್ರಮೆಯಲ್ಲ. ಬಾಯಿ, ಗಂಟಲಿನ ಭಾಗಕ್ಕೆ ಕೊಟ್ಟ ವಿಕಿರಣ ನಾಲಗೆಯ ರುಚಿಮೊಗ್ಗುಗಳನ್ನೂ ಜೊಲ್ಲಿನ ಗ್ರಂಥಿಗಳನ್ನೂ ಸುಡುತ್ತದೆ. ರುಚಿ ತಿಂಗಳುಗಟ್ಟಲೆ ಕಾಯಿಸಿ ಬಹುಮಟ್ಟಿಗೆ ಮರಳುತ್ತದೆ. ಜೊಲ್ಲು ಮರಳಲು ಇನ್ನೂ ತಡ, ಕೆಲವರಿಗೆ ಪೂರ್ತಿ ಮರಳುವುದೇ ಇಲ್ಲ. ಆರೋಗ್ಯವಂತರ ಬಾಯಲ್ಲಿ ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರಿನಷ್ಟು ಜೊಲ್ಲು ಊರುತ್ತದೆ. ಅದು ನಿಂತ ಬಾಯಿಗೆ ಒಣ ರೊಟ್ಟಿ ಕೊಟ್ಟು ತಿನ್ನಿ ಎನ್ನುವುದು ನೀರಿಲ್ಲದ ಗದ್ದೆಯಲ್ಲಿ ನಾಟಿ ಮಾಡಿ ಎಂದಂತೆ.

ಇಷ್ಟು ಸಾಲದೆಂದು ನೆಂಟರ ಸಲಹೆಗಳು ಬಂದವು. ಬದನೆ ನಂಜು, ಮೊಟ್ಟೆ ಉಷ್ಣ, ಮೊಸರು ಶೀತ, ಶೇಂಗಾ ಪಿತ್ತ, ಮೀನು ಗಾಯಕ್ಕೆ ಆಗದು. ಸಕ್ಕರೆ, ಹಾಲು ಕೊಟ್ಟರಂತೂ ಗಡ್ಡೆ ಮರಳಿ ಬರುತ್ತದೆ. ಅದನ್ನು ಉಪವಾಸ ಕೆಡವಬೇಕು. ಇಷ್ಟೂ ಕಳೆದ ಮೇಲೆ ಉಳಿದದ್ದು ತೆಳು ಅಕ್ಕಿಗಂಜಿ, ಒಂದು ಚಿಟಿಕೆ ಉಪ್ಪು. ದಿನಕ್ಕೆ ನಾಲ್ಕು ಬಟ್ಟಲು.

ಸಕ್ಕರೆಯ ಮಾತಿಗೆ ಬೇರು ಇಲ್ಲದಿಲ್ಲ. ಗಡ್ಡೆಯ ಕೋಶಗಳು ಸಕ್ಕರೆಯನ್ನು ವಿಪರೀತ ಬಳಸುವುದನ್ನು ಜರ್ಮನಿಯ ಒಟ್ಟೊ ವಾರ್‌ಬರ್ಗ್ 1920ರ ದಶಕದಲ್ಲೇ ಗುರುತಿಸಿದ್ದರು. ಆದರೆ ಅಲ್ಲಿಂದ 'ಸಕ್ಕರೆ ಬಿಟ್ಟರೆ ಗಡ್ಡೆ ಸಾಯುತ್ತದೆ' ಎಂಬಲ್ಲಿಗೆ ಹಾರುವುದು ತಪ್ಪು. ಬಾಯಿಂದ ಬರುವುದು ನಿಂತರೆ ಯಕೃತ್ತು ತಾನೇ ಸಕ್ಕರೆ ತಯಾರಿಸುತ್ತದೆ. ಅದಕ್ಕೆ ಕಚ್ಚಾ ಸಾಮಗ್ರಿ ತೋಳು, ತೊಡೆಯ ಮಾಂಸಖಂಡ. ಕೋಶಕ್ಕೆ ಸಕ್ಕರೆ ತಪ್ಪುವುದಿಲ್ಲ, ತೊಡೆ ಮಾತ್ರ ಕರಗುತ್ತದೆ. ಜತೆಗೆ ರೋಗವೂ ಚಿಕಿತ್ಸೆಯೂ ಎಬ್ಬಿಸುವ ಉರಿಯೂತದಿಂದ ಮಾಂಸಖಂಡ ತಾನಾಗಿಯೇ ಸವೆಯುತ್ತಿರುತ್ತದೆ. ಎಷ್ಟೋ ರೋಗಿಗಳಲ್ಲಿ ತೂಕ ಇಳಿಯಲು ಅದೂ ಒಂದು ಕಾರಣ. ಸಿಹಿತಿಂಡಿ ದಿನಾ ತಿನ್ನಿ ಎಂದು ಯಾರೂ ಹೇಳುವುದಿಲ್ಲ. ಆದರೆ 48 ಕೆ.ಜಿ.ಗೆ ಇಳಿದವರ ಗಂಜಿಗೆ ಚಮಚ ಬೆಲ್ಲ ಹಾಕಲು ಹೆದರಬೇಕಿಲ್ಲ.

ನಾನು ಹಕ್ಕಿಗೆ ಬಳಸುವ ಪುಸ್ತಕದಲ್ಲೇ ಗೌಡ್ರ ಊಟ ಬರೆಯತೊಡಗಿದೆ. ಬಟ್ಟಲಿಗೆ ಹೋದದ್ದೆಷ್ಟು, ಬಟ್ಟಲಲ್ಲಿ ಉಳಿದದ್ದೆಷ್ಟು, ಎಷ್ಟು ಹೊತ್ತು ಹಿಡಿಯಿತು, ಯಾವಾಗ ಕೆಮ್ಮಿದರು. ಮನೆಯಾಕೆಗೆ ಮೊದಮೊದಲು ಮುಜುಗರ. ಆಮೇಲೆ ಅವರೇ "ಇವತ್ತು ಅರ್ಧ ಬಟ್ಟಲು ಬಿಟ್ಟಾರ, ಬರ್ಕೋರಿ" ಎನ್ನುತ್ತಿದ್ದರು. ನಾಲ್ಕು ಬಟ್ಟಲು ತೆಳುಗಂಜಿಯ ಲೆಕ್ಕ ಸುಲಭ. ಬಟ್ಟಲಿಗೆ ಒಂದು ಹಿಡಿ ಅಕ್ಕಿ, ಸುಮಾರು 30 ಗ್ರಾಂ. ಅಂದರೆ 100 ಕ್ಯಾಲೊರಿ, 2 ಗ್ರಾಂ ಪ್ರೋಟೀನು. ನಾಲ್ಕಕ್ಕೆ 400 ಕ್ಯಾಲೊರಿ, 8 ಗ್ರಾಂ. ಕ್ಯಾನ್ಸರ್ ರೋಗಿಗಳ ಪೋಷಣೆಗಾಗಿ ಯುರೋಪಿನ ತಜ್ಞರ ಸಂಘ ರೂಪಿಸಿದ, ಜಗತ್ತಿನ ಹಲವೆಡೆ ಬಳಕೆಯಲ್ಲಿರುವ ಅಳತೆಯಂತೆ, ದೇಹದ ತೂಕದ ಪ್ರತಿ ಕೆ.ಜಿ.ಗೆ ದಿನಕ್ಕೆ 25ರಿಂದ 30 ಕ್ಯಾಲೊರಿ ಬೇಕು. ಪ್ರೋಟೀನು 1 ಗ್ರಾಂಗಿಂತ ಹೆಚ್ಚು, ಸಾಧ್ಯವಾದರೆ ಒಂದೂವರೆ ಗ್ರಾಂ. ಗೌಡ್ರಿಗೆ 1,200ರಿಂದ 1,440 ಕ್ಯಾಲೊರಿ, ಹತ್ತಿರ ಹತ್ತಿರ 50ರಿಂದ 70 ಗ್ರಾಂ ಪ್ರೋಟೀನು. ಸಿಗುತ್ತಿದ್ದುದು ಮೂರರಲ್ಲೊಂದು ಪಾಲು ಕ್ಯಾಲೊರಿ. ಪ್ರೋಟೀನಂತೂ ಆರರಲ್ಲೊಂದು ಪಾಲೂ ಕಷ್ಟ.

ಆಸ್ಪತ್ರೆಯಿಂದ ಬರುವಾಗ ಅವರಿಗೆ ಒಂದು ಹಾಳೆ ಕೊಟ್ಟಿದ್ದರು. ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ಬ್ರೊಕೊಲಿ, ಓಟ್ಸ್, ಆಲಿವ್ ಎಣ್ಣೆ, ಬೆಣ್ಣೆಹಣ್ಣು. ಮನೆಯಾಕೆ ಅದನ್ನು ಮಡಚಿ ದೇವರ ಗೂಡಿನಲ್ಲಿ ಇಟ್ಟಿದ್ದರು, ಪೂಜೆಗೆ ಬಿಟ್ಟು ಬೇರೇನಕ್ಕೂ ಆಗದ ಕಾಗದ ಎಂಬಂತೆ.

ಅವರನ್ನು ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ಒಬ್ಬ ಡಯಟೀಷಿಯನ್ನರ ಮುಂದೆ ಕೂರಿಸಿದ ದಿನ ನನಗೆ ಚೆನ್ನಾಗಿ ನೆನಪಿದೆ. ಆಕೆ ಮೊದಲ ಅರ್ಧ ಗಂಟೆ ಒಂದು ಸಲಹೆಯನ್ನೂ ಕೊಡಲಿಲ್ಲ. ಕೇಳುತ್ತಲೇ ಇದ್ದರು.

"ನಿನ್ನೆ ಎದ್ದಾಗಿನಿಂದ ಹೇಳಿ. ಮೊದಲು ಬಾಯಿಗೆ ಹೋದದ್ದು ಏನು?"

"ಚಾ, ಮೇಡಂ."

"ಎಷ್ಟು? ಈ ಲೋಟನಾ, ಇದಾ?" ಮೇಜಿನ ಮೇಲೆ ನಾಲ್ಕೈದು ಅಳತೆಯ ಸ್ಟೀಲ್ ಲೋಟ, ಬಟ್ಟಲು ಸಾಲಾಗಿದ್ದವು. ಗೌಡ್ರು ಸಣ್ಣದನ್ನು ಮುಟ್ಟಿದರು.

"ಅದರಲ್ಲಿ ಹಾಲೆಷ್ಟು?" ಎಂದು ಕೇಳಿದ್ದು ಮನೆಯಾಕೆಯನ್ನು. ಗಂಜಿಯ ಪಾತ್ರೆ ಯಾವುದು, ಅಕ್ಕಿ ರೇಷನ್ನಿನದೋ ಮನೆಯದೋ, ಎಮ್ಮೆ ಹಾಲು ಕರೆಯುತ್ತದೋ ಇಲ್ಲವೋ, ಕೋಳಿ ಸಾಕಿದ್ದೀರಾ, ರಾತ್ರಿ ಎಷ್ಟು ಸಲ ನೀರು ಕುಡಿಯಲು ಏಳುತ್ತಾರೆ. ಬಾಯಿ ತೆರೆಸಿ ನೋಡಿದರು. ಎರಡು ಬೆರಳು ಹಿಡಿಸುವಷ್ಟು ಮಾತ್ರ ತೆರೆಯುತ್ತಿತ್ತು. ಕೈ ಕೊಟ್ಟು ಜೋರಾಗಿ ಅಮುಕಿ ಎಂದರು. ಕುರ್ಚಿಯಿಂದ ಕೈಯೂರದೆ ಏಳಿ ಎಂದರು. ಕಡೆಗೆ, "ಉಡದಾರ ಎಷ್ಟು ಸಡಿಲ ಆಗಿದೆ ಗೌಡ್ರೇ?"

ಗೌಡ್ರು ಆ ತಿಂಗಳಲ್ಲಿ ಮೊದಲ ಸಲ ನಕ್ಕರು. "ಎರಡು ಗಂಟು ಹಾಕೀನ್ರೀ ಮೇಡಂ, ಆದ್ರೂ ಜಾರ್ತೈತಿ."

ಇದು ನನಗೆ ಗೊತ್ತಿದ್ದ ಕಸುಬೇ. ಮರದಡಿ ಕೂತು, ಹಕ್ಕಿ ಏನು ತಿನ್ನುತ್ತದೆಂದು ಪುಸ್ತಕ ನೋಡಿ ತೀರ್ಮಾನಿಸದೆ ಅದರ ಕೊಕ್ಕಿನಲ್ಲಿ ಏನಿದೆ ಎಂದು ನೋಡುವವರು ಆಕೆ. ಹಿಂದಿನ 24 ಗಂಟೆಯ ಊಟವನ್ನು ರೋಗಿಯ ಬಾಯಿಂದಲೇ ಬಿಡಿಸುವುದು ಅವರ ಮೊದಲ ಸಾಧನ. ತೂಕದ ಯಂತ್ರ, ತೋಳಿನ ಸುತ್ತಳತೆ, ಹಿಡಿತದ ಬಲ ಆಮೇಲಿನವು. ಉಡದಾರದ ಪ್ರಶ್ನೆ ಯಾವ ಪುಸ್ತಕದಲ್ಲೂ ಇರಲಾರದು.

ಸಲಹೆ ಬಂದಾಗ ಅದರಲ್ಲಿ 'ಬಿಡಿ' ಎನ್ನುವುದು ಬಹಳ ಕಡಿಮೆ ಇತ್ತು. ನಮ್ಮಲ್ಲಿ ಔಷಧಿ ಎಂದರೆ ಪಥ್ಯ. ಪಥ್ಯ ಏನು ಎಂಬ ಪ್ರಶ್ನೆಗೆ ನಾವು ಕಾಯುವ ಉತ್ತರ ಏನು ಬಿಡಬೇಕೆಂಬುದು. ಈ ಮೇಡಂ ಬಿಡಿಸಿದ್ದು ಖಾರವನ್ನು, ಉಪ್ಪಿನಕಾಯಿಯನ್ನು, ಎಲೆಯಡಿಕೆಯನ್ನು. ಉಳಿದದ್ದೆಲ್ಲ ಕೂಡಿಸುವ ಲೆಕ್ಕ. ಅದೇ ಬಟ್ಟಲು, ಅದೇ ಗಂಜಿ. ಅಕ್ಕಿಯ ಜತೆ ಹುರಿದ ಹೆಸರುಬೇಳೆ ಒಂದು ಸಣ್ಣ ಹಿಡಿ, ಬೆಂದ ಮೇಲೆ ಮುಕ್ಕಾಲು ಲೋಟ ಹಾಲು, ಒಂದು ಚಮಚ ತುಪ್ಪ. ಬಟ್ಟಲು ದೊಡ್ಡದಾಗಲಿಲ್ಲ, ಆದರೆ 100 ಕ್ಯಾಲೊರಿ ಇದ್ದದ್ದು 300 ಆಯಿತು, 2 ಗ್ರಾಂ ಪ್ರೋಟೀನು 12 ಆಯಿತು. ನಾಲ್ಕು ಹೊತ್ತಿನ ಬದಲು ಆರು ಹೊತ್ತು. ಮೊಟ್ಟೆಯನ್ನು ಹಾಲಿನಲ್ಲಿ ಕದಡಿ ಸಣ್ಣ ಉರಿಯಲ್ಲಿ ಮೆತ್ತಗೆ ಬೇಯಿಸಿ. ಶೇಂಗಾ ಹುರಿದು, ಹಿಟ್ಟಿನಷ್ಟು ನುಣ್ಣಗೆ ಪುಡಿ ಮಾಡಿ ಬಾಳೆಹಣ್ಣಿನ ಜತೆ ಕಿವುಚಿ. ಊಟಕ್ಕೆ ಮುಂಚೆ ಉಪ್ಪು, ಅಡುಗೆ ಸೋಡಾ ಕದಡಿದ ನೀರಿನಲ್ಲಿ ಬಾಯಿ ಮುಕ್ಕಳಿಸಿ. ಬೆಳಿಗ್ಗೆ ಬಾಯಿ ಸ್ವಲ್ಪ ಚೆನ್ನಾಗಿರುವಾಗಲೇ ಹೆಚ್ಚು ತಿನ್ನಿಸಿ. ಸಂಜೆ ಗುಡಿಯವರೆಗೆ ನಡೆಸಿ, ಏಕೆಂದರೆ ದುಡಿಯದ ಖಂಡಕ್ಕೆ ಬರೀ ಊಟದಿಂದ ಬಲ ಬರುವುದಿಲ್ಲ.

ಒಮ್ಮೆಲೇ ತುಂಬಬೇಡಿ ಎಂದೂ ಒತ್ತಿ ಹೇಳಿದರು. ಬಹಳ ದಿನ ಅರೆಹೊಟ್ಟೆಯಲ್ಲಿದ್ದವರಿಗೆ ಒಂದೇ ದಿನದಲ್ಲಿ ಪೂರ್ತಿ ಊಟ ಕೊಟ್ಟರೆ ರಕ್ತದಲ್ಲಿ ಫಾಸ್ಫೇಟ್, ಪೊಟ್ಯಾಸಿಯಂ ಹಠಾತ್ತನೆ ಇಳಿದು ಹೃದಯಕ್ಕೇ ಅಪಾಯ ಬರಬಹುದು. ಮೆಟ್ಟಿಲು ಮೆಟ್ಟಿಲಾಗಿ ಏರಿಸಬೇಕು, ನಡುವೆ ರಕ್ತ ಪರೀಕ್ಷೆ ಮಾಡಿಸಬೇಕು. ನನ್ನ ಪುಸ್ತಕದಲ್ಲಿ 'ನೀರು ಕುಡಿದಾಗ ಕೆಮ್ಮು' ಎಂದು ಬರೆದಿದ್ದನ್ನು ನೋಡಿ ಆಕೆ ತಕ್ಷಣ ನುಂಗುವಿಕೆಯ ಪರೀಕ್ಷೆಗೆ ಬರೆದುಕೊಟ್ಟರು. ತೆಳು ನೀರು ಅನ್ನನಾಳದ ಬದಲು ಶ್ವಾಸನಾಳಕ್ಕೆ ಜಾರುತ್ತಿದ್ದರೆ ಮುಂದಿನದು ನ್ಯುಮೋನಿಯಾ. ಅಂಥವರಿಗೆ ನೀರಿಗಿಂತ ಮಂದ ಗಂಜಿಯೇ ಸುರಕ್ಷಿತ.

ಅಡಿಕೆಯ ಮಾತು ಹೇಳದೆ ಮುಂದೆ ಹೋದರೆ ಅಪ್ರಾಮಾಣಿಕತೆ. ಶಿಕಾರಿಪುರ, ಸೊರಬದ ಭತ್ತದ ಗದ್ದೆಗಳು ಕಣ್ಣೆದುರೇ ತೋಟಗಳಾಗುತ್ತಿವೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, ತಂಬಾಕು ಬೆರೆಸದ ಅಡಿಕೆಯನ್ನೂ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಅಡಿಕೆ ಜಗಿಯುವವರ ಕೆನ್ನೆಯ ಒಳಪದರ ನಾರುಗಟ್ಟಿ ಬಾಯಿ ತೆರೆಯದಂತಾಗುವುದೂ ಅದರಿಂದಲೇ. ಇಲ್ಲಿ ಮನೆ ನಡೆಸುವುದು ಅಡಿಕೆ, ಆಸ್ಪತ್ರೆಯ ಬಿಲ್ಲು ಕಟ್ಟುವುದೂ ಅಡಿಕೆ. ಬೆಳೆಗಾರರನ್ನು ದೂರಿ ಪ್ರಯೋಜನವಿಲ್ಲ. ಬಾಯಲ್ಲಿ ಬಿಳಿ ಮಚ್ಚೆ ಕಂಡ ದಿನವೇ ಜಗಿಯುವುದನ್ನು ನಿಲ್ಲಿಸಿ ತೋರಿಸಿಕೊಳ್ಳಿ ಎಂದಷ್ಟೇ ಹೇಳಬಲ್ಲೆ.

ಉಪವಾಸದ ಇನ್ನೊಂದು ಕಥೆ ಈ ನೆಲದಲ್ಲೇ ಇದೆ. ಬಂದಳಿಕೆ ಈಗ ಊರಿಲ್ಲದ ಊರು. ಕುರುಚಲು, ಕೆರೆ, ಶಾಂತಿನಾಥ ಬಸದಿ, ತ್ರಿಮೂರ್ತಿ ನಾರಾಯಣ ಗುಡಿ, ಸೋಮೇಶ್ವರ ಗುಡಿ. ಒಂದು ಕಾಲಕ್ಕೆ ಇದು ನಾಗರಖಂಡ ಎಪ್ಪತ್ತು ಎಂಬ ನಾಡಿನ ಮುಖ್ಯ ಪಟ್ಟಣ. ಇಲ್ಲಿ ಸಿಕ್ಕ, 10ನೆಯ ಶತಮಾನದ ಆರಂಭದ ರಾಷ್ಟ್ರಕೂಟರ ಕಾಲದ ಶಾಸನವೊಂದು ಜಕ್ಕಿಯಬ್ಬೆಯ ಮಾತು ಹೇಳುತ್ತದೆ. ಗಂಡ ಸತ್ತರಸ ನಾಗಾರ್ಜುನ ನಾಡಗಾವುಂಡನಾಗಿದ್ದ. ಅವನು ತೀರಿಕೊಂಡ ಮೇಲೆ ಆ ಅಧಿಕಾರ ಹೆಂಡತಿಗೆ ಬಂತು. ಹೆಣ್ಣಾದರೂ ನಾಡನ್ನು ಚೆನ್ನಾಗಿ ಆಳಿದಳೆಂದು ಶಾಸನ ಹೊಗಳುತ್ತದೆ. ಮೈಗೆ ರೋಗ ಹತ್ತಿದಾಗ ಮಗಳನ್ನು ಕರೆಸಿ ಎಲ್ಲವನ್ನೂ ಒಪ್ಪಿಸಿ, ಬಂದಣಿಕೆಯ, ಅಂದರೆ ಇದೇ ಬಂದಳಿಕೆಯ, ತೀರ್ಥದಲ್ಲಿ ಉಪವಾಸದ ಜೈನವ್ರತ ಹಿಡಿದು ದೇಹ ಬಿಟ್ಟಳು. ಯಾವ ರೋಗವೆಂದು ಕಲ್ಲು ಹೇಳುವುದಿಲ್ಲ.

ಆ ಉಪವಾಸವನ್ನು ಆಕೆ ಸ್ಪಷ್ಟ ಮನಸ್ಸಿನಿಂದ, ಲೆಕ್ಕ ಒಪ್ಪಿಸಿ ಆಯ್ದುಕೊಂಡಳು. ಅದಕ್ಕೆ ಕೈಮುಗಿಯಬಹುದು. ಈಗ ನಮ್ಮ ಮನೆಗಳಲ್ಲಿ ನಡೆಯುತ್ತಿರುವುದು ಯಾರೂ ಆಯ್ದುಕೊಳ್ಳದ ಉಪವಾಸ. ರೋಗಿಗೆ ಬದುಕುವ ಆಸೆ ಇದೆ, ಮನೆಯವರಿಗೆ ಉಣ್ಣಿಸುವ ಆಸೆ ಇದೆ, ಕಣಜದಲ್ಲಿ ಭತ್ತವೂ ಇದೆ. ಆದರೂ ಅನ್ನ ಹೊಟ್ಟೆಗೆ ಸೇರುತ್ತಿಲ್ಲ.

ಮಳೆ ಹಿಡಿದ ಮೇಲೆ ಬಂದಳಿಕೆಯ ಕೆರೆಯ ಸುತ್ತ ಸೊಪ್ಪಿನ ಸುಗ್ಗಿ. ಬದುವಿನ ಮೇಲೆ ಹೊನಗೊನೆ, ತೇವದಲ್ಲಿ ಒಂದೆಲಗ, ಹಳ್ಳದ ಅಂಚಿಗೆ ಕೆಸು, ಬೇಲಿಗೆ ನುಗ್ಗೆ. ನಮ್ಮಂಥ ನಿಸರ್ಗಪ್ರಿಯರಿಗೆ ಇಲ್ಲಿ ಒಂದು ಚಟ ಇದೆ. ಪ್ರತಿ ಸೊಪ್ಪಿನಲ್ಲೂ ಸರ್ವಶಕ್ತಿ ಕಾಣುತ್ತೇವೆ. ಸೊಪ್ಪು ಬೇಕು, ಅದರಲ್ಲಿ ಕಬ್ಬಿಣವೂ ನಾರೂ ಜೀವಸತ್ವಗಳೂ ಇವೆ. ಆದರೆ ಕರಗಿದ ತೊಡೆಯನ್ನು ಸೊಪ್ಪು ಕಟ್ಟಲಾರದು. ಹಿಡಿ ಸೊಪ್ಪಿನಲ್ಲಿ ಪ್ರೋಟೀನು ಒಂದೆರಡು ಗ್ರಾಂ. ಸುಟ್ಟ ಬಾಯಿಗೆ ಎಲ್ಲ ಸೊಪ್ಪೂ ಹಿತವಲ್ಲ. ಕೆಸುವಿನ ಎಲೆಯಲ್ಲಿ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿವೆ; ಹುಳಿ ಹಾಕಿ ಚೆನ್ನಾಗಿ ಬೇಯಿಸಿದರೆ ನಮಗೆ ತುರಿಸುವುದಿಲ್ಲ, ಆದರೆ ಹುಣ್ಣಾದ ಬಾಯಿಗೆ ಆ ಹುಳಿಯೇ ಉರಿ. ಮಳೆಗಾಲದ ಪತ್ರೊಡೆ ಗೌಡ್ರಿಗೆ ಆ ವರ್ಷ ಸಿಗಲಿಲ್ಲ. ಕಳಲೆಯೂ ಇಲ್ಲ, ಅದರ ನಾರು ಗಂಟಲಲ್ಲಿ ನಿಲ್ಲುತ್ತದೆ. ಒಂದೆಲಗದ ತಂಬುಳಿ ಮಾತ್ರ ಮೇಡಂ ಒಪ್ಪಿದರು, ತಿದ್ದುಪಡಿಯೊಂದಿಗೆ: ಮೆಣಸು ಬೇಡ, ಹುಳಿ ಮಜ್ಜಿಗೆ ಬೇಡ, ಆಗ ತಾನೇ ಹೆಪ್ಪಾದ ಸಿಹಿ ಮೊಸರು, ನುಣ್ಣಗೆ ರುಬ್ಬಿದ ಕಾಯಿ. ತಂಪಾಗಿ, ಜಾರುವಂತೆ ಇದ್ದ ಆ ತಂಬುಳಿಯ ಜತೆಗೆ ಮೆತ್ತನೆಯ ಅನ್ನ ಗೌಡ್ರ ಗಂಟಲಿಗೆ ಮೊದಲ ಸಲ ಇಳಿಯಿತು. ತಂಬುಳಿ ಗೊತ್ತಿದ್ದ ಡಯಟೀಷಿಯನ್ ಸಿಕ್ಕಿದ್ದು ಅವರ ಅದೃಷ್ಟ. ಅದೃಷ್ಟಕ್ಕೆ ಬಿಡಬೇಕಾದ ವಿಷಯ ಇದಲ್ಲ.

ಮೀನಿನ ಕಥೆ ಬೇರೆ. ಮಳೆಗೆ ಮುಂಚೆ ಕೆರೆಗಳು ಬತ್ತಿ ಮೊಣಕಾಲುದ್ದಕ್ಕೆ ಬಂದಾಗ ಈ ಸೀಮೆಯಲ್ಲಿ ಕೆರೆ ಬೇಟೆ. ಊರೂರಿನ ಜನ ಕೂಣಿ ಎಂಬ ಮೀನುಬುಟ್ಟಿ ಹೊತ್ತು ಬಂದು, ಒಟ್ಟಿಗೇ ನೀರಿಗಿಳಿದು, ಕೆಸರಲ್ಲಿ ಕೂಣಿ ಒತ್ತಿ ಮೀನು ಹಿಡಿಯುತ್ತಾರೆ. ಆ ಸಂಜೆ ಗೌಡ್ರ ಮನೆಗೂ ಪಾಲು ಬಂತು. ಮೀನು ಗಾಯಕ್ಕೆ ಆಗದು ಎಂದು ತಕರಾರು ತೆಗೆದ ನೆಂಟರೇ ತಂದದ್ದು. ಅರಿಶಿನ, ಉಪ್ಪು ಮಾತ್ರ ಹಾಕಿ ಬೇಯಿಸಿ, ಮುಳ್ಳನ್ನು ಬೆರಳಲ್ಲಿ ತಡವಿ ತಡವಿ ತೆಗೆದು, ಗಂಜಿಯಲ್ಲಿ ಕಿವುಚಿದರು. ನೂರು ಗ್ರಾಂ ಮೀನಿನಲ್ಲಿ 18-20 ಗ್ರಾಂ ಪ್ರೋಟೀನು. ಗಾಯ ಮಾಯಲು ಬೇಕಾದದ್ದೇ ಅದು.

ಹೀಗೆ ಬರೆದರೆ ಕ್ಯಾನ್ಸರ್ ಮುಗಿಸಿದವರೆಲ್ಲ ಸೊರಗುತ್ತಾರೆ ಎಂದಾಗಬಾರದು. ಸ್ತನ ಕ್ಯಾನ್ಸರಿನ ಚಿಕಿತ್ಸೆ ಮುಗಿಸಿದ ಹೆಂಗಸರಲ್ಲಿ ಎಷ್ಟೋ ಮಂದಿ ದಪ್ಪಗಾಗುತ್ತಾರೆ. ಹಾರ್ಮೋನು ಮಾತ್ರೆಗಳಲ್ಲಿ ಕೆಲವು ಮೂಳೆಯನ್ನು ಸವೆಸುತ್ತವೆ. ಅವರಿಗೆ ತುಪ್ಪದ ಗಂಜಿ ತಪ್ಪು ಸಲಹೆ. ತರಕಾರಿ, ಬೇಳೆ, ರಾಗಿ, ನಡಿಗೆ, ಬಿಸಿಲು ಬೇಕು. ಹೊಟ್ಟೆಯ ಭಾಗ ತೆಗೆಸಿಕೊಂಡವರಿಗೆ ಸಿಹಿ ಒಮ್ಮೆಲೇ ಹೋದರೆ ಬೆವರು, ತಲೆಸುತ್ತು, ಭೇದಿ. ಬಿ-12 ಜೀವಸತ್ವವನ್ನು ಸೂಜಿಯಲ್ಲೇ ಕೊಡಬೇಕಾಗಬಹುದು. ಮೈತುಂಬಿಕೊಂಡಂತೆ ಕಾಣುವವರಲ್ಲೂ ಕೊಬ್ಬಿನ ಕೆಳಗೆ ಖಂಡ ಕರಗಿರಬಹುದು. ಒಬ್ಬರ ಹಾಳೆ ಇನ್ನೊಬ್ಬರಿಗೆ ಆಗುವುದಿಲ್ಲ ಎಂಬುದು ಇದಕ್ಕೇ.

ಲಕ್ಷ್ಮಣಫಲದ ಹುಚ್ಚಿನ ಬಗ್ಗೆಯೂ ಎರಡು ಮಾತು. ಅದರ ಎಲೆ ಕುದಿಸಿ ಕುಡಿದರೆ ಕ್ಯಾನ್ಸರ್ ಮಾಯ ಎಂದು ಮಲೆನಾಡಿನ ನರ್ಸರಿಗಳಲ್ಲಿ ಸಸಿ ಮಾರಾಟ ಜೋರು. ಮನುಷ್ಯರಲ್ಲಿ ಅದು ಕ್ಯಾನ್ಸರ್ ವಾಸಿ ಮಾಡಿದ ಪುರಾವೆ ಇಲ್ಲ. ಅದರಲ್ಲಿರುವ ಅನೋನಾಸಿನ್ ಎಂಬ ವಸ್ತು ನರಕೋಶಗಳಿಗೆ ವಿಷ. ಕೆರಿಬಿಯನ್ನಿನ ಗ್ವಾಡಲೂಪ್ ದ್ವೀಪದಲ್ಲಿ ಇದನ್ನು ಹೇರಳವಾಗಿ ತಿನ್ನುವವರಲ್ಲಿ ಕಂಡ ಪಾರ್ಕಿನ್ಸನ್ ಮಾದರಿಯ ಕಾಯಿಲೆಗೆ ಸಂಶೋಧಕರು ಇದನ್ನೇ ಶಂಕಿಸಿದ್ದಾರೆ. ಯುರೋಪಿನಲ್ಲಿ ಬಂದಳಿಕೆಯಂಥದೇ ಪರಾವಲಂಬಿ ಗಿಡವೊಂದರ ರಸವನ್ನು ಕ್ಯಾನ್ಸರಿಗೆ ಚುಚ್ಚುವ ರೂಢಿ ನೂರು ವರ್ಷದಿಂದ ಇದೆ. ಅದರಿಂದ ಆಯುಸ್ಸು ಹೆಚ್ಚುತ್ತದೆಂಬುದು ಇನ್ನೂ ಗಟ್ಟಿಯಾಗಿ ಸಾಬೀತಾಗಿಲ್ಲ. ನಮ್ಮ ಮರದ ಮೇಲಿನ ಗಿಡವನ್ನು ಯಾರೂ ಕಷಾಯ ಮಾಡಿ ಕುಡಿಯಬೇಡಿ.

ಚಿಕಿತ್ಸೆಗೆ ನಮ್ಮವರು ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ, ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆಗೆ, ಮಣಿಪಾಲಕ್ಕೆ ಹೋಗುತ್ತಾರೆ. ಆಯುಷ್ಮಾನ್ ಕಾರ್ಡಿನಿಂದ ಆಪರೇಷನ್, ಕಿಮೋ, ಕರೆಂಟಿನ ಖರ್ಚಿಗೆ ಆಸರೆಯೂ ಇದೆ. ಊಟ ಕಲಿಸುವ ಕೆಲಸ ಮಾತ್ರ ಬಸ್ ಹತ್ತಿ ಊರಿಗೆ ಬಂದ ಮೇಲೆ ಶುರುವಾಗುತ್ತದೆ. ಆಗ ಕೇಳಲು ಹತ್ತಿರದಲ್ಲಿ ಯಾರಿರುತ್ತಾರೆ? ಕ್ಷಯರೋಗಿಗಳಿಗೆ ಪೌಷ್ಟಿಕ ಆಹಾರಕ್ಕೆಂದು ಕೇಂದ್ರ ಸರ್ಕಾರ 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿತ್ತು, 2024ರ ನವೆಂಬರಿನಿಂದ ಅದು 1,000 ಆಗಿದೆ. ರೋಗ ವಾಸಿಯಾಗಲು ಮಾತ್ರೆಯಷ್ಟೇ ಅನ್ನವೂ ಬೇಕೆಂದು ಸರ್ಕಾರವೇ ಒಪ್ಪಿದ ಹಾಗಾಯಿತು. ಕ್ಯಾನ್ಸರ್ ಮುಗಿಸಿ ಬಂದವರಿಗೂ ಅಂಥದೇ ಏರ್ಪಾಡು ಬೇಕು. ಶಿಕಾರಿಪುರ, ಸೊರಬದ ತಾಲ್ಲೂಕು ಆಸ್ಪತ್ರೆಗಳಲ್ಲಿ ವಾರಕ್ಕೊಂದು ದಿನವಾದರೂ ಡಯಟೀಷಿಯನ್ ಕೂರಬೇಕು. ಅಂಗನವಾಡಿಯಲ್ಲಿ ಮಗುವಿನ ತೂಕ ಬರೆಯುವಂತೆ ಇವರ ತೂಕವನ್ನೂ ಊರಲ್ಲೇ ಯಾರಾದರೂ ಬರೆಯಬೇಕು.

ಅದು ಬರುವವರೆಗೆ ಮನೆಯವರು ಮಾಡಬಹುದಾದ್ದು ಇಷ್ಟು. ಡಿಸ್ಚಾರ್ಜ್ ದಿನ ಫೈಲಿನ ಜತೆಗೆ ಡಯಟೀಷಿಯನ್ನರನ್ನು ಕಾಣಲೇಬೇಕೆಂದು ಹಟ ಹಿಡಿಯಿರಿ. ನಮ್ಮ ಮನೆಯ ಊಟ ಇದು, ಇದರಲ್ಲೇ ಹೇಳಿ ಎಂದು ಕೇಳಿ, ಕನ್ನಡದಲ್ಲಿ ಬರೆಸಿಕೊಳ್ಳಿ, ಫೋನ್ ಮಾಡಬಹುದಾದ ಹೊತ್ತು ತಿಳಿದುಕೊಳ್ಳಿ. ಊರಿಗೆ ಬಂದ ಮೇಲೆ ವಾರಕ್ಕೊಮ್ಮೆ ಒಂದೇ ತಕ್ಕಡಿಯಲ್ಲಿ, ರೇಷನ್ ಅಂಗಡಿಯದಾದರೂ ಸರಿ, ತೂಕ ನೋಡಿ ಬರೆದಿಡಿ. ಬಯಸದೆಯೇ ಆರು ತಿಂಗಳೊಳಗೆ ನೂರಕ್ಕೆ ಐದರಷ್ಟು, ಅಂದರೆ 50 ಕೆ.ಜಿ. ಇದ್ದವರು ಎರಡೂವರೆ ಕೆ.ಜಿ. ಇಳಿದರೆ, ಮುಂದಿನ ತಪಾಸಣೆಯ ತಾರೀಖಿಗೆ ಕಾಯದೆ ಆಸ್ಪತ್ರೆಗೆ ಹೊರಡಿ.